ಯಾರದೂ ಅಲ್ಲದ ಬಾಂದುಕಲ್ಲು

ನಮ್ಮೂರು ಎರ್ಲ್‌ವಿಂಡನ್ನಿನ ಬುರ್ಕಾರ್ಡ್ ಎಂಡ್ರೆಸ್ ಬಾಯಲ್ಲಿ “ನಂಗೊತ್ತಿಲ್ಲ” ಎಂಬ ಮಾತನ್ನು ನಾನು ಮೊದಲು ಕೇಳಿದ್ದು 1999ರ ಏಪ್ರಿಲ್‌ನಲ್ಲಿ. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ, ಹಳ್ಳ ಯಾವ ವರ್ಷ ದಿಕ್ಕು ಬದಲಿಸಿತು, ಯಾರ ಅಜ್ಜ ಯಾರ ಸೇಬಿನ ಮರವನ್ನು ತನ್ನ ಬೇಲಿಯೊಳಗೆ ಸೇರಿಸಿಕೊಂಡ, ಇಂಥದ್ದಕ್ಕೆಲ್ಲ ಜನ ಅವರ ಬಳಿಗೇ ಹೋಗುತ್ತಿದ್ದರು. ಹೇಳಿದ್ದು ಒಮ್ಮೊಮ್ಮೆ ತಪ್ಪಿರಬಹುದು, ಗೊತ್ತಿಲ್ಲವೆಂದು ಮಾತ್ರ ಹೇಳಿದವರಲ್ಲ.

ಅವರು ನಮ್ಮೂರಿನ ಏಳ್ವರಿಗೆ ಮುಖ್ಯಸ್ಥರು. ಜರ್ಮನಿಯ ಈ ಫ್ರಾಂಕೋನಿಯಾ ಸೀಮೆಯ ಹಳ್ಳಿಗಳಲ್ಲಿ ಬಾಂದುಕಲ್ಲು ನೆಡುವುದಕ್ಕೆ, ಕಾಯುವುದಕ್ಕೆ ಏಳು ಜನರನ್ನು ಆರಿಸಿ ಪ್ರಮಾಣ ಮಾಡಿಸುತ್ತಾರೆ. ಒಮ್ಮೆ ಪ್ರಮಾಣ ಮಾಡಿದರೆ ಸಾಯುವತನಕ ಬಿಡುಗಡೆಯಿಲ್ಲ. ಕಲ್ಲು ನೆಡುವ ಹೊತ್ತಿಗೆ ಉಳಿದವರನ್ನೆಲ್ಲ ದೂರ ಕಳಿಸಿ ಗುಂಡಿಯ ತಳದಲ್ಲೊಂದು ಗುರುತು ಇಡುತ್ತೇವೆ. ಸುಟ್ಟ ಮಣ್ಣಿನ ಬಿಲ್ಲೆಯೋ, ಗಾಜೋ, ತಗಡೋ. ಏನು, ಎಷ್ಟು, ಹೇಗೆ ಜೋಡಿಸಿದೆ ಎಂಬುದು ಆಯಾ ಊರಿನ ಏಳ್ವರಿಗಷ್ಟೇ ಗೊತ್ತು. ಯಾರಾದರೂ ಕಲ್ಲನ್ನು ಕದ್ದು ಸರಿಸಿದರೆ ಕೆಳಗಿನ ಗುರುತು ಹಳೆಯ ಜಾಗವನ್ನು ಹೇಳಿಬಿಡುತ್ತದೆ. ಇದನ್ನು ಬರೆದಿಡುವಂತಿಲ್ಲ. ಬಾಯಿಂದ ಕಿವಿಗೆ, ಅದೂ ಹೊಲದ ನಡುವೆ ನಿಂತು. ಕಟ್ಟಿಕೊಂಡವರಿಗೂ ಹೇಳುವಂತಿಲ್ಲ, ಚರ್ಚಿನ ಪಾದ್ರಿಗೂ ಹೇಳುವಂತಿಲ್ಲ.

ಬುರ್ಕಾರ್ಡ್ ಮಾಮ ಹುಟ್ಟಿದ್ದು 1925ರಲ್ಲಿ, ಸೇತುವೆ ಪಕ್ಕದ ಮನೆಯಲ್ಲಿ, ಮೂರನೆಯ ಮಗನಾಗಿ. ಹದಿನೆಂಟಕ್ಕೆ ಸಿಪಾಯಿ ಬಟ್ಟೆ ಹಾಕಿಸಿದರು. ಯುದ್ಧ ಮುಗಿದ ಮೇಲೆ ಫ್ರಾನ್ಸಿನಲ್ಲಿ ಸೆರೆಯಾಗಿ ಎರಡು ವರ್ಷ ಕಲ್ಲಿದ್ದಲು ಅಗೆದರು. ಇಬ್ಬರು ಅಣ್ಣಂದಿರೂ ತಿರುಗಿ ಬರಲಿಲ್ಲ. 1947ರ ಶರತ್ಕಾಲದಲ್ಲಿ ಇವರು ರೈಲು ನಿಲ್ದಾಣದಿಂದ ಹದಿನಾಲ್ಕು ಕಿಲೋಮೀಟರು ನಡೆದು ಊರಿಗೆ ಬಂದಾಗ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ನನ್ನಮ್ಮ. ಯುದ್ಧ ಮುಗಿದ ಮೇಲೆ, ಜರ್ಮನರೆಂಬ ಕಾರಣಕ್ಕೆ ನಮ್ಮವರನ್ನು ಬೊಹೀಮಿಯಾದಿಂದ ಓಡಿಸಿದ್ದರು. ಸರ್ಕಾರ ತಂದು ಎಂಡ್ರೆಸ್ ಮನೆಯ ಮಹಡಿಯಲ್ಲಿ ಇರಿಸಿ ಒಂದು ವರ್ಷವಾಗಿತ್ತಷ್ಟೆ.

“ಇದು ಎಂಡ್ರೆಸ್ ಮನೆ ಅಲ್ವಾ?” ಎಂದು ಇವರು ಕೇಳಿದರು.

ವರ್ಷವಿಡೀ ‘ನೀವು ಈ ಊರೋರಲ್ಲ’ ಎಂದು ಕೇಳಿ ಕೇಳಿ ಸಾಕಾಗಿದ್ದ ಅಮ್ಮ, ಯಾರೋ ಇನ್ನೊಬ್ಬ ಜಗಳಕ್ಕೆ ಬಂದನೆಂದುಕೊಂಡು, “ನಂಗೇನ್ ಗೊತ್ತಪ್ಪ, ನಾವು ಈ ಊರೋರಲ್ಲ” ಅಂದುಬಿಟ್ಟಳು.

ಬೇರೆ ಊರಿಗೆ ಬಂದೆನೇನೋ ಎಂದು ಬುರ್ಕಾರ್ಡ್ ಮಾಮ ಸೇತುವೆಯತನಕ ವಾಪಸು ಹೋಗಿ, ಹಳ್ಳವನ್ನೂ ಚರ್ಚಿನ ಗೋಪುರವನ್ನೂ ಎರಡೆರಡು ಸಲ ನೋಡಿ ಬಂದರಂತೆ. ಈ ಕಥೆಯನ್ನು ಅಮ್ಮ ಹೇಳುವಾಗೆಲ್ಲ ಅವರು ನಗುತ್ತಿದ್ದರು. ನಾನು ಅದೇ ಮಹಡಿಯಲ್ಲಿ ಹುಟ್ಟಿದೆ, 1951ರಲ್ಲಿ. ರೋಸ್ವಿಟಾ ಎಂದು ಹೆಸರಿಟ್ಟರೂ ಅವರಿಗೆ ನಾನು ರೋಸಿ.

ಮರುವರ್ಷ ಅವರು ಏಳ್ವರಲ್ಲಿ ಒಬ್ಬರಾದರು. ಆಗಿನ ಮುಖ್ಯಸ್ಥ ವಾಲ್ಟಿನ್ ಮುದುಕ ಅವರನ್ನು ಬೀಟ್‌ರೂಟ್ ಹೊಲದ ನಡುವೆ ನಿಲ್ಲಿಸಿ ಕಿವಿಯಲ್ಲಿ ಗುರುತು ಹೇಳಿದ. ಆರು ವರ್ಷಕ್ಕೆ ಮುದುಕ ತೀರಿಕೊಂಡ. ಅವನ ಓರಗೆಯವರೂ ಒಬ್ಬೊಬ್ಬರಾಗಿ ಹೋದರು. ಅಲ್ಲಿಂದ ಮುಂದೆ ಏಳ್ವರಾಗಿ ಬಂದವರಿಗೆಲ್ಲ ಗುರುತು ಹೇಳಿಕೊಟ್ಟವರು ಬುರ್ಕಾರ್ಡ್ ಮಾಮನೇ. 1991ರಲ್ಲಿ ನನ್ನ ಹೆಸರು ಎತ್ತಿದವರೂ ಅವರೇ. ಬಿಯರ್ ಮನೆಯಲ್ಲಿ ಅಂದು ದೊಡ್ಡ ಗಲಾಟೆ.

“ಹೆಂಗಸು. ಅದ್ರಲ್ಲೂ ಹೊರಗಿಂದ ಬಂದೋರ ಪೈಕಿ,” ಎಂದ ಅನ್ಸೆಲ್ಮ್ ಗೋಬೆಲ್. ಅವನೂ ಏಳ್ವರಲ್ಲೊಬ್ಬ.

“ಹುಟ್ಟಿದ್ದು ನಮ್ಮನೆ ಮಹಡೀಲಿ ಕಣೋ. ನಿನ್ನ ಹೆಂಡ್ತಿ ಎಲ್ಲಿಯೋಳು?”

“ಸ್ಟಾಕ್‌ಗ್ರೂಬ್. ಒಂದೂವರೆ ಕಿಲೋಮೀಟ್ರು.”

“ಅಷ್ಟು ದೂರ ಹೋಗಿ ಹೆಣ್ಣು ತಂದೋನು ನೀನೇ ಇಲ್ಲಿ ಕೂತಿದೀಯ. ಇವಳಿಗೇನಾಗಿದೆ?”

ಹಾಗೆ ನಾನು ಸೇರಿದೆ. ಅನ್ಸೆಲ್ಮ್ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ, ಆಮೇಲೆ ಗುದ್ದಲಿಯ ಕಾವು ಮುರಿದಾಗ ನನ್ನದನ್ನು ಕೇಳಿ ಪಡೆದ.

ಏಪ್ರಿಲ್‌ನಲ್ಲಿ ಆದದ್ದು ಇಷ್ಟು. ನಮ್ಮೂರಿಗೂ ಸ್ಟಾಕ್‌ಗ್ರೂಬಿಗೂ ನಡುವೆ ಸೈಕಲ್ ದಾರಿ ಮಾಡುತ್ತಿದ್ದರು. ‘ವಿಂಟರ್ಸ್’ ಎಂದು ಕರೆಯುವ ಹುಲ್ಲುಗಾವಲಿನ ಅಂಚಿನಲ್ಲಿ ಜೆಸಿಬಿಯ ಬಾಯಿಗೆ ತಗುಲಿ ಒಂದು ಗಡಿಕಲ್ಲು ವಾಲಿತು. ಆ ಸಾಲಿನಲ್ಲಿ ಒಂದು ಕಲ್ಲು ನಮ್ಮ ಪಾಲಿಗೆ, ಮುಂದಿನದು ಅವರ ಪಾಲಿಗೆ ಎಂಬ ಪದ್ಧತಿ. ಪಾಲು ಯಾರದೋ ಆ ಊರಿನ ಅಕ್ಷರ ಕಲ್ಲಿನ ಮೇಲಿರುತ್ತದೆ, ಗುರುತು ಕೆಳಗಿರುತ್ತದೆ. ಇದೊಂದರ ಮೇಲಿನ ಅಕ್ಷರ ಸವೆದು ನುಣ್ಣಗಾಗಿತ್ತು. ನಾವು ಅದನ್ನು ನಮ್ಮದೆಂದುಕೊಂಡಿದ್ದೆವು. ಅವರೂ ತಮ್ಮದೆಂದುಕೊಂಡಿದ್ದಾರೆಂಬುದು ಅಂದೇ ತಿಳಿದದ್ದು.

ಎರಡೂ ಊರಿನ ಏಳ್ವರು ಸೇರಿದೆವು. ಜೆಸಿಬಿಯವನನ್ನು ರಸ್ತೆಯ ಆಚೆಗೆ ಕಳಿಸಿದೆವು. ಕಲ್ಲನ್ನು ಪಕ್ಕಕ್ಕೆ ಮಲಗಿಸಿ ಮಣ್ಣು ತೆಗೆದಾಗ ಕಂಡದ್ದು ಹಸಿರು ಗಾಜಿನ ಮೂರು ಚೂರು, ಜೊತೆಗೊಂದು ಕಬ್ಬಿಣದ ಉಂಗುರ. ಏನಿತ್ತೆಂದು ಈಗ ಹೇಳಲು ಅಡ್ಡಿಯಿಲ್ಲ, ಎರಡೂ ಊರಿನವರು ಆಮೇಲೆ ಒಪ್ಪಿಗೆ ಕೊಟ್ಟಿದ್ದಾರೆ. ನಾನು ಕಲಿತ ಗುರುತು ಅದಲ್ಲ. ಬುರ್ಕಾರ್ಡ್ ಮಾಮನ ಮುಖ ನೋಡಿದೆ. ಅವರು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತಿದ್ದರು. ಎದುರು ಅಂಚಿನಲ್ಲಿ ಸ್ಟಾಕ್‌ಗ್ರೂಬಿನ ಮುಖ್ಯಸ್ಥ ಎವಾಲ್ಡ್ ರಾಯ್ಶ್. ಇಬ್ಬರೂ ಒಂದೇ ವಯಸ್ಸಿನವರು, ಒಟ್ಟಿಗೆ ಶಾಲೆಗೆ ಹೋದವರು.

“ಇದು ನಿಮ್ದಾ?” ಎಂದ ಎವಾಲ್ಡ್.

“ನೀನು ಮೊದ್ಲು ಹೇಳು.”

“ನಾನ್ಯಾಕೆ ಹೇಳ್ಲಿ? ನಮ್ದಲ್ಲ ಅಂದ್ರೆ, ನಮ್ದು ಹೀಗಿರಲ್ಲ ಅಂತ ನಿಂಗೆ ಗೊತ್ತಾಗುತ್ತೆ.”

“ನಮ್ದು ಅಂತ ಹೇಳು ಹಾಗಾದ್ರೆ.”

“ನಮ್ದು ಅಂದ್ರೆ, ನಮ್ದು ಹೀಗೇ ಇರುತ್ತೆ ಅಂತ ಗೊತ್ತಾಗುತ್ತೆ.”

“ಮತ್ತೆ ನಾವಿಬ್ರೂ ಇಲ್ಲಿ ಯಾಕೆ ಕೂತಿದೀವಿ?”

“ನಂಗೆ ಮಂಡಿ ಹಿಡ್ಕೊಂಡಿದೆ, ಏಳಕ್ಕಾಗ್ತಿಲ್ಲ. ನಿಂದು ನೀನು ನೋಡ್ಕೋ.”

ನಾವು ಎವಾಲ್ಡನನ್ನು ಎತ್ತಿ ನಿಲ್ಲಿಸಿದೆವು. ಅನ್ಸೆಲ್ಮ್ ಬುರ್ಕಾರ್ಡ್ ಮಾಮನ ಕಿವಿಯ ಹತ್ತಿರ ಬಗ್ಗಿ, “ಇದೇನು ಮಾಮ?” ಎಂದ.

“ನಂಗೊತ್ತಿಲ್ಲ,” ಅಂದರು ಅವರು.

ಆ ದಿನದಿಂದ ಅವರ ನೆಮ್ಮದಿ ಹೋಯಿತು. ಒಂದು ವಾರದ ನಂತರ ಅವರ ಹೆಂಡತಿ ಲಿಯೋಬಾ ಅತ್ತೆ ಪ್ಲಮ್ ಜಾಮ್ ಕೊಡುವ ನೆಪದಲ್ಲಿ ನಮ್ಮ ಮನೆಗೆ ಬಂದಳು.

“ರೋಸಿ, ನಿಮ್ಮ ಮಾಮಂಗೆ ಏನೋ ಆಗಿದೆ ಕಣೇ. ನನ್ನ ಅಂಗಿ ಗುಂಡಿಗಳ ಡಬ್ಬಿ ಮೇಜಿನ ಮೇಲೆ ಸುರ್ಕೊಂಡು ಒಂದೊಂದೇ ಜೋಡಿಸ್ತಾ ಕೂರ್ತಾರೆ. ನಾನು ಒಳಗೆ ಕಾಲಿಟ್ರೆ ಸಾಕು, ಎಲ್ಲಾ ಕಲಸಿಬಿಡ್ತಾರೆ. ಐವತ್ತು ವರ್ಷ ಸಂಸಾರ ಮಾಡಿದೀನಿ, ನನ್ನ ಕೋಟಿನ ಗುಂಡಿ ನಾನೇ ನೋಡ್ಬಾರ್ದಾ?”

ಗುರುತು ಜೋಡಿಸಿ ನೋಡುತ್ತಿದ್ದಾರೆಂದು ನನಗೆ ಅರ್ಥವಾಯಿತು, ಅವಳಿಗೆ ಹೇಳುವಂತಿರಲಿಲ್ಲ. “ವಯಸ್ಸಾಯ್ತಲ್ಲ ಅತ್ತೆ,” ಎಂದೆ. ಬೇರೇನೂ ತೋಚದೆ ಆಡಿದ ಮಾತು, ಆದರೆ ಅದೇ ಅವಳನ್ನು ಹೆದರಿಸಿತು. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು.

ಮರುದಿನ ಬುರ್ಕಾರ್ಡ್ ಮಾಮ ನನ್ನನ್ನು ಹೊಲಕ್ಕೆ ಕರೆದೊಯ್ದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ನಾನು ನಿಂಗೆ ಹೇಳಿದ್ದು ಏನು, ಹೇಳು,” ಎಂದರು.

ಹೇಳಿದೆ. ಒಂದಕ್ಷರ ಬಿಡದೆ.

“ಹಾಗೇ ಹೇಳಿದ್ನಾ?”

“ಹಾಗೇ.”

“ನಂಗೂ ಹಾಗೇ ನೆನಪಿದೆ.” ಸ್ವಲ್ಪ ಹೊತ್ತು ಗೆಲುವಾಗಿದ್ದರು. ಆಮೇಲೆ ನಿಂತುಬಿಟ್ಟರು. “ಅದ್ರಿಂದ ಏನಾಯ್ತು? ನಾನು ಹೇಳಿದ್ದನ್ನೇ ತಾನೇ ನೀನು ನಂಗೆ ಹೇಳ್ತಿರೋದು! ವಾಲ್ಟಿನ್ ಹೇಳಿದ್ದೇ ಬೇರೆ ಇದ್ದು, ನಾನು ತಪ್ಪಾಗಿ ಕೇಳಿಸ್ಕೊಂಡಿದ್ರೆ? ಅವತ್ತು ಗಾಳಿ ಬೇರೆ ಬೀಸ್ತಿತ್ತು. ಆರು ಜನಕ್ಕೂ ತಪ್ಪೇ ಕಲಿಸಿದ್ರೆ?”

“ಬೇರೆ ಎಷ್ಟೋ ಕಲ್ಲು ನೆಟ್ಟಿದೀರಲ್ಲ ಮಾಮ?”

“ನೆಟ್ಟಿದ್ದು ನಾನೇ, ರೋಸಿ. ಅದ್ರ ಕೆಳಗೆ ನಾನಿಟ್ಟಿದ್ದೇ ಇರುತ್ತೆ. ವಾಲ್ಟಿನ್ ನೆಟ್ಟಿದ್ದನ್ನ ನಾನು ಯಾವತ್ತೂ ಎತ್ತಿ ನೋಡಿಲ್ಲ. ಎತ್ತೋ ಸಂದರ್ಭ ಬರ್ಲೇ ಇಲ್ಲ.”

ಅಷ್ಟು ವರ್ಷ ಕಲ್ಲಿನಂತೆ ಗಟ್ಟಿಯಾಗಿ ನಂಬಿದ್ದ ವಿಷಯ ಒಬ್ಬ ಮನುಷ್ಯನ ಒಂದು ಕಿವಿಯ ಮೇಲೆ ನಿಂತಿದೆಯೆಂದು ನಾನೂ ಯೋಚಿಸಿರಲಿಲ್ಲ. ಹಿಂದಿರುಗುವಾಗ ನಮ್ಮ ಸೇತುವೆಯೂ ನನಗೆ ಸ್ವಲ್ಪ ಆಚೆಗೆ ಸರಿದಂತೆ ಕಂಡಿತು.

ಮೇ ಮೊದಲ ವಾರ, ಬೆಳಗಿನ ಆರು ಗಂಟೆಗೆ ನಾನು ಹಾಲಿನ ಕ್ಯಾನು ಇಟ್ಟುಕೊಂಡು ಗಿರಣಿ ದಾರಿಯಲ್ಲಿ ವ್ಯಾನು ಓಡಿಸುತ್ತಿದ್ದೆ. ಗಿರಣಿಯ ಹಿಂದಿನ ಹೊಲದ ಬದುವಿನಲ್ಲಿ ಯಾರೋ ಬಗ್ಗಿದ್ದು ಕಾಣಿಸಿತು. ಹೋಗಿ ನೋಡಿದರೆ ಬುರ್ಕಾರ್ಡ್ ಮಾಮ. 1938ರಲ್ಲಿ ವಾಲ್ಟಿನ್ ತಾನೇ ನೆಟ್ಟ ಕಲ್ಲಿನ ಸುತ್ತ ಮೊಳಕಾಲಷ್ಟು ಆಳ ಅಗೆದಿದ್ದಾರೆ. ಒಬ್ಬರೇ ಬಾಂದುಕಲ್ಲು ಮುಟ್ಟುವುದು ಪ್ರಮಾಣಕ್ಕೆ ವಿರುದ್ಧ. ಇದನ್ನು ನಮಗೆಲ್ಲ ಮೊದಲ ದಿನವೇ ಹೇಳಿಕೊಟ್ಟವರು ಅವರೇ.

“ನೋಡಿಲ್ಲ ಅಂದ್ಕೊಂಡು ಹೋಗ್ಬಿಡು,” ಎಂದರು, ತಲೆಯೆತ್ತದೆ. ಅಂಗಿ ಬೆನ್ನಿಗೆ ಅಂಟಿತ್ತು.

ನಾನು ವ್ಯಾನಿನಿಂದ ಹಾರೆ ತಂದೆ. ಕಲ್ಲನ್ನು ಒಬ್ಬರೇ ಸರಿಸಲು ಅವರಿಂದ ಆಗುತ್ತಲೂ ಇರಲಿಲ್ಲ. ಇಬ್ಬರೂ ಸೇರಿ ವಾಲಿಸಿ, ಕೆಳಗಿನ ಮಣ್ಣನ್ನು ಬೆರಳಲ್ಲಿ ಕೆದಕಿದೆವು.

ಗುರುತು ಇತ್ತು. ಅವರು ಹೇಳಿಕೊಟ್ಟಂತೆಯೇ, ನಾನು ಕಲಿತಂತೆಯೇ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲದೆ.

ಬುರ್ಕಾರ್ಡ್ ಮಾಮ ಒದ್ದೆ ಹುಲ್ಲಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮುಖವೆಲ್ಲ ಮಣ್ಣಾಯಿತು. “ಸರಿಯಾಗೇ ಕೇಳಿಸ್ಕೊಂಡಿದ್ದೆ,” ಎಂದು ಮತ್ತೆ ಮತ್ತೆ ಹೇಳಿದರು. ಕಲ್ಲನ್ನು ನೆಟ್ಟಗೆ ನಿಲ್ಲಿಸಿ ಮಣ್ಣು ತುಳಿದು ಗಟ್ಟಿ ಮಾಡಿದೆವು. ವ್ಯಾನಿನಲ್ಲಿ ಕೂತ ಮೇಲೆ ನನ್ನ ಕಡೆ ತಿರುಗಿ, “ಹಂಗಾದ್ರೆ ಅಲ್ಲಿರೋದು ಯಾರ್ದೇ?” ಎಂದರು. ಮೊದಲಿಗಿಂತ ಹೆಚ್ಚು ದಿಕ್ಕುಗೆಟ್ಟವರ ಹಾಗಿತ್ತು ಅವರ ಮುಖ.

ಅದೇ ಭಾನುವಾರ ಏಳ್ವರ ಮುಂದೆ ನಿಂತು, ಒಬ್ಬನೇ ಕಲ್ಲು ಮುಟ್ಟಿದೆನೆಂದು ಒಪ್ಪಿಕೊಂಡರು. ನನ್ನ ಹೆಸರು ಹೇಳಲಿಲ್ಲ, ನಾನೇ ಹೇಳಿಕೊಂಡೆ. ಏನು ಶಿಕ್ಷೆ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಇನ್ನೂರು ವರ್ಷದಲ್ಲಿ ಇಂಥದ್ದು ನಡೆದದ್ದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದಿರಬಹುದಾದ ಒಬ್ಬರೇ ತಪ್ಪಿತಸ್ಥರ ಜಾಗದಲ್ಲಿ ನಿಂತಿದ್ದರು.

“ಒಂದು ಕ್ರೇಟು ಬಿಯರ್ ಕೊಡಿಸ್ಲಿ, ಮುಗೀತು,” ಎಂದ ಅನ್ಸೆಲ್ಮ್.

“ಪ್ರಮಾಣ ಮುರಿದಿದ್ದಕ್ಕೆ ಒಂದು ಕ್ರೇಟಾ?” ಬುರ್ಕಾರ್ಡ್ ಮಾಮನಿಗೆ ನಿಜವಾಗಿಯೂ ಸಿಟ್ಟು ಬಂತು. “ನನ್ನ ಮಾನ ಅಷ್ಟು ಅಗ್ಗವೇನೋ?”

“ಸರಿ, ಎರಡು.”

ಅವರು ಬಾಗಿಲು ಬಡಿದುಕೊಂಡು ಮನೆಗೆ ಹೋದರು. ಬಿಯರನ್ನು ಲಿಯೋಬಾ ಅತ್ತೆ ಕಳಿಸಿದಳು, ಯಾಕೆಂದು ತಿಳಿಯದೆಯೇ.

ದಾರಿಯ ಕೆಲಸ ನಿಂತಿತ್ತು. ಮೋಜಣಿ ಕಚೇರಿಯಿಂದ ಟೀಲ್ಕೆ ಎಂಬ ಅಧಿಕಾರಿ ಬಂದ. ಉತ್ತರದ ಸಮುದ್ರತೀರದವನು, ನಮ್ಮ ಮಾತು ಅರ್ಧ ಅವನಿಗೆ ತಿಳಿಯುತ್ತಿರಲಿಲ್ಲ.

“ಎರಡು ಸೆಂಟಿಮೀಟರ್ ಕೂಡ ಆಚೀಚೆ ಆಗದ ಹಾಗೆ ಉಪಗ್ರಹ ಗಡಿ ತೋರಿಸುತ್ತೆ,” ಎಂದ. “ಗಾಜಿನ ಚೂರು ಕಟ್ಕೊಂಡು ಏನಾಗ್ಬೇಕು?”

“ಉಪಗ್ರಹಕ್ಕೆ ಗಡಿ ಎಲ್ಲಿ ಅಂತ ಯಾರು ಹೇಳಿದ್ದು?” ಎಂದು ಬುರ್ಕಾರ್ಡ್ ಮಾಮ ಕೇಳಿದರು.

“ನಕ್ಷೆ ನೋಡಿ ನಾವೇ ಹಾಕಿದ್ದು.”

“ನಕ್ಷೆಗೆ?”

ಟೀಲ್ಕೆ ತಲೆ ಕೆರೆದುಕೊಂಡ. “ಕಲ್ಲು ನೋಡಿ ಬರೆದಿರ್ತಾರೆ.”

“ಹಾಂ. ಕೂತ್ಕೋ. ಕಾಫಿ ಕುಡೀತೀಯಾ?”

ಕೊನೆಗೆ ಆ ಹೊರಗಿನವನಿಂದಲೇ ಕೆಲಸವಾಯಿತು. ಇಬ್ಬರು ಮುಖ್ಯಸ್ಥರೂ ಒಬ್ಬರಾದ ಮೇಲೊಬ್ಬರಂತೆ ಅವನ ಕಾರಿನಲ್ಲಿ ಕೂತು, ‘ನಮ್ಮದು’ ಅಥವಾ ‘ನಮ್ಮದಲ್ಲ’ ಎಂದಷ್ಟೇ ಹೇಳಿ ಇಳಿಯುವುದೆಂದು ತೀರ್ಮಾನವಾಯಿತು. ಮೊದಲು ಎವಾಲ್ಡ್, ಆಮೇಲೆ ಬುರ್ಕಾರ್ಡ್ ಮಾಮ. ಟೀಲ್ಕೆ ಕಾರಿಳಿದು ಬಂದು ನಮ್ಮೆಲ್ಲರ ಮುಖ ನೋಡಿದ.

“ಇಬ್ಬರದೂ ಅಲ್ಲವಂತೆ,” ಎಂದ.

ನಮ್ಮ ಎರಡು ಊರುಗಳ ನಡುವೆ ಮೂರನೆಯದೊಂದು ಇಲ್ಲ. ಇದ್ದದ್ದನ್ನು ಕೇಳಿದವರೂ ಇಲ್ಲ.

ಟೀಲ್ಕೆಯೇ ಜಿಲ್ಲಾ ದಾಖಲೆಕೋಣೆಗೆ ಪತ್ರ ಬರೆದ. ಜುಲೈಯಲ್ಲಿ ಅಲ್ಲಿಂದ ಡಾಕ್ಟರ್ ಸಬೀನ ಕ್ರೌಸೊಲ್ಡ್ ಎಂಬ ಹೆಂಗಸು ಹಳೆಯ ನಕ್ಷೆಯ ಪ್ರತಿ ಹಿಡಿದು ಬಂದಳು. ಬಿಯರ್ ಮನೆಯ ಮೇಜಿನ ಮೇಲೆ ಬಿಡಿಸಿಟ್ಟಳು. 1590ರ ಸುಮಾರಿನದು. ಹಳ್ಳ ಇದೆ, ನಮ್ಮ ಚರ್ಚು ಇದೆ, ಸ್ಟಾಕ್‌ಗ್ರೂಬ್ ಇದೆ. ನಡುವೆ, ವಿಂಟರ್ಸ್ ಹುಲ್ಲುಗಾವಲು ಇರಬೇಕಾದ ಕಡೆ, ಹನ್ನೊಂದು ಪುಟ್ಟ ಮನೆ, ಒಂದು ಪ್ರಾರ್ಥನಾಮಂದಿರ. ಪಕ್ಕದಲ್ಲಿ ‘ವಿಂಟರ್ಸ್‌ರೋಡ್’ ಎಂಬ ಹೆಸರು. ರೋಡ್ ಎಂದರೆ ನಮ್ಮ ಕಡೆ ಕಾಡು ಕಡಿದು ಕಟ್ಟಿದ ಊರು.

“ಮೂವತ್ತು ವರ್ಷದ ಯುದ್ಧದಲ್ಲಿ ಸೈನಿಕರು ಸುಟ್ಟರು, ಉಳಿದೋರನ್ನ ಪ್ಲೇಗ್ ತಗೊಂಡು ಹೋಯ್ತು,” ಎಂದಳು ಆಕೆ. “1650ರ ಹೊತ್ತಿಗೆ ಜಮೀನನ್ನ ನಿಮ್ಮ ಎರಡು ಊರುಗಳೂ ಹಂಚ್ಕೊಂಡಿವೆ.”

ಅಲ್ಲಿ ಹಿಮ ತಡವಾಗಿ ಕರಗುತ್ತದೆ, ಚಳಿಗಾಲ ಹೆಚ್ಚು ದಿನ ನಿಲ್ಲುತ್ತದೆ, ಅದಕ್ಕೇ ‘ವಿಂಟರ್ಸ್’ ಎಂಬ ಹೆಸರು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ನಿಜವಾಗಿಯೂ ಅಲ್ಲಿ ಹಿಮ ತಡವಾಗಿಯೇ ಕರಗುತ್ತದೆ!

“ಅಂದ್ರೆ ಆ ಗುರುತು ಅವರದ್ದು?” ಎಂದ ಎವಾಲ್ಡ್.

“ಹಾಗಂತ ಹೇಳೋದು ಕಷ್ಟ. ಆ ಕಲ್ಲು ಕಡೆದಿರೋ ರೀತಿ ನೋಡಿದ್ರೆ ಸುಮಾರು 1720ರದ್ದು. ಆಗ ಊರೇ ಇರ್ಲಿಲ್ಲ.”

“ಊರಿಲ್ದೆ ಊರಿನ ಗುರುತು ಇಟ್ಟೋರು ಯಾರಮ್ಮ?”

“ಯಾರೋ ಕೆಲವರು ಉಳಿದು ನಿಮ್ಮೂರುಗಳಿಗೆ ಬಂದು ಸೇರಿರಬಹುದು. ಮೊಮ್ಮಕ್ಕಳಿಗೆ ಹೇಳಿಕೊಟ್ಟಿರಬಹುದು. ಇರಬಹುದು ಅಷ್ಟೇ. ಕಾಗದ ಇಲ್ಲ.”

ಬುರ್ಕಾರ್ಡ್ ಮಾಮ ನಕ್ಷೆಯ ಮೇಲೆ ಬಗ್ಗಿ ಆ ಹನ್ನೊಂದು ಮನೆಗಳನ್ನು ಬಹಳ ಹೊತ್ತು ನೋಡಿದರು. “ನಾವು ಯಾವ ಊರೋರು ಅಂತ ನಂಗೆ ಇವತ್ತಿನತನಕ ಗೊತ್ತಿತ್ತು,” ಎಂದರು. “ನಮ್ಮಜ್ಜನ ಅಜ್ಜ ಎಲ್ಲಿಂದ ಬಂದ? ಯಾರೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ರೋಸಿ, ನಿಮ್ಮಮ್ಮನ್ನ ನಾವು ಹೊರಗಿನೋಳು ಅಂದ್ವಲ್ಲೇ.”

ಅಮ್ಮ ತೀರಿಕೊಂಡು ಆಗಲೇ ಒಂಬತ್ತು ವರ್ಷ. ನಾನು ಅವರ ಲೋಟಕ್ಕೆ ಬಿಯರ್ ಸುರಿದೆ.

ಕಲ್ಲಿನ ಜಾಗ ಬದಲಿಸುವುದು ಬೇಡ, ದಾರಿಯನ್ನೇ ಎರಡು ಮೀಟರು ಬಳಸಿ ಒಯ್ಯುವುದೆಂದಾಯಿತು. ಸೆಪ್ಟೆಂಬರಿನಲ್ಲಿ ಎರಡೂ ಊರಿನ ಹದಿನಾಲ್ಕು ಜನ ಸೇರಿ ಅದನ್ನು ಅದೇ ಗುಂಡಿಯಲ್ಲಿ ಮತ್ತೆ ನೆಟ್ಟೆವು. ಕೆಳಗೆ ಅದೇ ಗಾಜು, ಅದೇ ಉಂಗುರ. ಆದರೆ ಏಪ್ರಿಲ್‌ನಲ್ಲಿ ಅದನ್ನೆಲ್ಲ ತೆಗೆದು ಡಬ್ಬಿಗೆ ಹಾಕಿದ್ದೆವು, ಹೇಗೆ ಜೋಡಿಸಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆಯಬಾರದೆಂಬ ಅಭ್ಯಾಸ. ಉಂಗುರ ಎಡಕ್ಕಿತ್ತು ಎಂದರು ಬುರ್ಕಾರ್ಡ್ ಮಾಮ. ಬಲಕ್ಕೆ ಎಂದ ಎವಾಲ್ಡ್.

“ನೀನು ಆಚೆ ಕಡೆ ಕೂತಿದ್ದೆ ಕಣೋ, ನಿಂಗೆ ಬಲಕ್ಕೇ ಕಾಣ್ಬೇಕು!”

“ಹಾಗಾದ್ರೆ ನನ್ನ ಕಡೆಯಿಂದ್ಲೇ ಇಡು.”

“ಇಟ್ರೆ ನನ್ನ ಎಡಕ್ಕೇ ಬರುತ್ತೆ!”

“ಬರ್ಲಿ ಬಿಡು, ಅದೇ ತಾನೇ ನಾನೂ ಹೇಳ್ತಿರೋದು.”

ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆಂದು ಅವರಿಗೆ ತಿಳಿಸುವಷ್ಟರಲ್ಲಿ ಮಳೆ ಹಿಡಿಯಿತು. ಅವಸರದಲ್ಲಿ ಇಟ್ಟು ಮುಚ್ಚಿದೆವು. ಸರಿಯಾಗಿ ಇಟ್ಟೆವೋ ಇಲ್ಲವೋ, ತಪ್ಪೆಂದು ಹೇಳುವವರಂತೂ ಯಾರೂ ಉಳಿದಿಲ್ಲ.

ಅದಾದ ಮೇಲೆ ನಾಲ್ಕು ವರ್ಷ ಅವರು ಚೆನ್ನಾಗಿದ್ದರು. ಯಾರಾದರೂ ಹೊಲದ ವಿಚಾರ ಕೇಳಿದರೆ ಹೇಳುತ್ತಿದ್ದರು, ಕೊನೆಗೆ “ಹಂಗೆ ಅಂದ್ಕೊಂಡಿದೀನಿ” ಎಂದು ಸೇರಿಸುತ್ತಿದ್ದರು, ಅದು ಹೊಸತು. 2003ರಿಂದ ನಿಜವಾಗಿಯೂ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಮುಖ್ಯಸ್ಥನ ಕೆಲಸ ಅನ್ಸೆಲ್ಮ್ ಹೊತ್ತುಕೊಂಡ. ಅವರು ದಾರಿ ತಪ್ಪಿದಾಗೆಲ್ಲ ವಿಂಟರ್ಸ್ ಹುಲ್ಲುಗಾವಲಿನಲ್ಲಿ ಸಿಗುತ್ತಿದ್ದರು. “ಹನ್ನೊಂದು ಮನೆ ಇತ್ತಲ್ಲ, ಎಲ್ಲಿ ಹೋಯ್ತು?” ಎಂದು ಕೇಳಿದರೆ ನಾವು ಕೈಹಿಡಿದು ಕರೆತರುತ್ತಿದ್ದೆವು. ಲಿಯೋಬಾ ಅತ್ತೆ ಬೈಯುತ್ತ ಅವರ ಬೂಟಿನ ಮಣ್ಣು ತೊಳೆಯುತ್ತಿದ್ದಳು.

2005ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಅವರನ್ನು ಹಳ್ಳದ ದಂಡೆಗೆ ತಿರುಗಾಡಲು ಕರೆದೊಯ್ದಿದ್ದೆ. ಓಟ್ಸ್ ಹೊಲದ ನಡುವೆ ಥಟ್ಟನೆ ನಿಂತು, ಸುತ್ತ ನೋಡಿ, “ಪ್ರಮಾಣ ಆಯ್ತಾ ನಿಂದು?” ಎಂದರು.

“ಆಯ್ತು ಮಾಮ.”

“ಹತ್ರ ಬಾ.”

ಕಿವಿ ಕೊಟ್ಟೆ. ಅವರು ಗುರುತು ಹೇಳಿದರು, ನಿಧಾನವಾಗಿ, ಪಿಸುಮಾತಿನಲ್ಲಿ, ಮೊದಲ ದಿನದಷ್ಟೇ ಗಂಭೀರವಾಗಿ. ಅದರಲ್ಲಿ ನಮ್ಮದು ಅರ್ಧವಿತ್ತು. ಇನ್ನರ್ಧ ಹಸಿರು ಗಾಜಿನ ಚೂರುಗಳು. ನಾನು ತಿದ್ದಲಿಲ್ಲ.

“ತಿಳೀತಾ?”

“ತಿಳೀತು.”

“ಮರೀಬೇಡ ಮತ್ತೆ. ಕೇಳೋಕೆ ನಾನಿರಲ್ಲ,” ಎಂದು ನನ್ನ ತೋಳು ಹಿಡಿದು ಮನೆಯ ಕಡೆಗಲ್ಲ, ಎದುರು ದಿಕ್ಕಿಗೆ ಹೊರಟರು. ಸ್ವಲ್ಪ ದೂರ ಅವರ ಜೊತೆಗೇ ನಡೆದೆ.

ಆ ನವೆಂಬರಿನಲ್ಲಿ ತೀರಿಕೊಂಡರು. ಹೆಣ ಹೊರಲು ನಾವು ಆರು ಜನ ಸಾಲುತ್ತಿದ್ದೆವು, ಆದರೂ ಸ್ಟಾಕ್‌ಗ್ರೂಬಿನವರು ತಮಗೂ ಹೆಗಲು ಕೊಡಬೇಕೆಂದು ಹಟ ಹಿಡಿದರು. ಚರ್ಚಿನ ಬಾಗಿಲಲ್ಲಿ ಯಾರು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಗೊಂದಲವಾಯಿತು. ಕೊನೆಗೆ ಲಿಯೋಬಾ ಅತ್ತೆ ಊರುಗೋಲು ನೆಲಕ್ಕೆ ಕುಟ್ಟಿ, “ಎಡಗಡೆ ನಮ್ಮೋರು, ಬಲಗಡೆ ಅವ್ರು, ನಡೀರಿ,” ಎಂದಳು. ನಡೆದೆವು.